ಒಳಗೆ ಹೋಗಿ ಬಂದವಳು

ಪಿಎಚ್‌ಡಿಗೆ ಇದ್ದದ್ದು ಒಂದೇ ಸೀಟು. ಕಂಪ್ಯೂಟರ್ ಭದ್ರತೆಯಲ್ಲಿ ಎಂ.ಟೆಕ್ ಮುಗಿಸಿ, ಬ್ಯಾಂಕೊಂದರಲ್ಲಿ ಎರಡು ವರ್ಷ ದುಡಿದ ಸಿಂಚನಾ ಆ ಸೀಟಿಗಾಗಿ ಕೆಲಸವನ್ನೇ ಬಿಟ್ಟು ಬಂದಿದ್ದಳು. ಸಂದರ್ಶನದ ಅಧ್ಯಕ್ಷರು ಅವಳ ಅರ್ಜಿಯನ್ನು ಎಂಜಲೆಲೆ ಎತ್ತುವವರಂತೆ ಎರಡೇ ಬೆರಳಲ್ಲಿ ಎತ್ತಿ ಹಿಡಿದರು.

“ಬಿ.ಇ. ಓದುವಾಗ ಪರೀಕ್ಷಾ ವಿಭಾಗದ ಕಂಪ್ಯೂಟರಿಗೆ ನುಗ್ಗಿದ್ದೆಯಂತೆ, ಅದೂ ರಿಸಲ್ಟ್ ಬರೋಕೆ ಮುಂಚೆ. ಅದನ್ನ ಸಾಧನೆ ಅಂತ ಬೇರೆ ಬರ್ಕೊಂಡಿದ್ದೀಯ!”

“ಯಾರು ಬೇಕಾದ್ರೂ ಒಳಗೆ ಹೋಗೋ ಹಾಗಿತ್ತು ಸಾರ್. ಅದನ್ನ ತೋರಿಸೋಕೆ ಹೋದೆ. ಅವತ್ತೇ ಪ್ರಿನ್ಸಿಪಾಲರಿಗೆ ಹೇಳಿದೆ.”

“ಬಾಗಿಲು ತೆರೆದಿತ್ತು ಅಂತ ಕಳ್ಳರೆಲ್ಲ ಹೇಳೋದೇ. ನಿನಗೆ ಸೀಟು ಕೊಟ್ಟರೆ ಕುರಿ ಕಾಯೋಕೆ ತೋಳನ್ನ ಇಟ್ಟ ಹಾಗೆ.”

“ಬ್ಯಾಂಕಿನವರಿಗೂ ಇದನ್ನ ಹೇಳಿಯೇ ಕೆಲಸಕ್ಕೆ ಸೇರಿದ್ದು ಸಾರ್.”

“ಅವರಿಗೆ ಬುದ್ಧಿ ಇಲ್ಲ ಅಂತ ನಮಗೂ ಇಲ್ವಾ?”

ಪಕ್ಕದಲ್ಲಿದ್ದವರು ನಕ್ಕರು. ಬಾಗಿಲ ಬಳಿ ನಿಂತಿದ್ದ ಅಟೆಂಡರಮ್ಮ ಯಾರೂ ಹೇಳದೆಯೇ ಒಂದು ಲೋಟ ನೀರು ತಂದು ಸಿಂಚನಾಳ ಕೈಗೆ ಎಟುಕುವ ಹಾಗೆ ಇಟ್ಟು ಹೋದರು.

“ಮಾರ್ಕ್ಸ್ ತಿದ್ದಬಹುದಿತ್ತಾ?”

“ಬಹುದಿತ್ತು ಸಾರ್. ಯಾರದ್ದು ಬೇಕಾದರೂ. ಗುರುತೂ ಉಳೀತಿರಲಿಲ್ಲ.”

“ನೋಡ್ರೀ, ಅವಳ ಬಾಯಲ್ಲೇ ಬಂತು!” ಅಧ್ಯಕ್ಷರು ಅರ್ಜಿಯನ್ನು ಮೇಜಿನ ಮೇಲೆ ಎಸೆದರು. “ತಿದ್ದಲಿಲ್ಲ ಅನ್ನೋದಕ್ಕೆ ಏನಮ್ಮಾ ಸಾಕ್ಷಿ?”

ಅವಳು ನೀರು ಕುಡಿದು ಲೋಟ ಕೆಳಗಿಟ್ಟಳು.

“ಆ ಸೆಮಿಸ್ಟರ್ ಗಣಿತದಲ್ಲಿ ನಾನು ಎರಡೇ ಮಾರ್ಕ್ಸಿಗೆ ಫೇಲಾದೆ, ಸಾರ್.”