ಎಡ ರೆಕ್ಕೆಯ ಕೊನೆಯ ಸಾಲು

ಅನ್ನಪೂರ್ಣ ವಿಮಾನದ ರೆಕ್ಕೆಯೊಳಗಿಂದ ಕೈ ಹೊರಗೆಳೆದುಕೊಂಡಳು. ಒಳಗೆ ಅವಳು ಉಕ್ಕಿನ ತುಂಡನ್ನು ಒತ್ತಿ ಹಿಡಿಯದಿದ್ದರೆ ತಗಡು ಜೋಡಿಸುವ ರಿವೆಟ್ ಮೊಳೆ ಕೂರುವುದಿಲ್ಲ. ಹೊರಗೆ ರಿವೆಟ್ ಹೊಡೆಯುವ ಗನ್ ಹಿಡಿದಿದ್ದ ಚಕ್ರಪಾಣಿ ಹುಬ್ಬು ಗಂಟಿಕ್ಕಿದರು. ಬಿಡಿಭಾಗಗಳ ಕಿಟ್ ತರಿಸಿ ಜರಗನಹಳ್ಳಿಯ ಶೆಡ್ಡಿನಲ್ಲಿ ಅವರು ಕಟ್ಟುತ್ತಿದ್ದ ವಿಮಾನದ ಎಡ ರೆಕ್ಕೆಗೆ ಇನ್ನು ಒಂದೇ ಸಾಲು ರಿವೆಟ್ ಬಾಕಿಯಿತ್ತು.

“ಯಾಕಮ್ಮ, ಕೈ ನೋವಾ?”

“ಕೈ ಗಟ್ಟಿ ಐತ್ರಿ ಸರ. ಮೊದಲ ದಿನದಿಂದ ಒಳಗ ಹಿಡ್ದಾಕಿ ನಾನು. ನೀವು ದಿನಾ ಕೆಲಸ ಬರಿಯೋ ಪುಸ್ತಕದಾಗ ಜೋಡಿಸಿದವರು ಅಂತ ನಿಮ್ಮ ಹೆಸರಷ್ಟ ಐತಿ. ವಿಮಾನದ ವರ್ಕ್‌ಶಾಪಿಗೆ ಕೆಲಸ ಕೇಳಾಕ ಹೋದ್ರ ನಾನು ಏನ್ ತೋರಿಸ್ಲಿ?”

“ನೀನು ಹಿಡ್ಕೊಂಡಿದ್ದೆ ಅಷ್ಟೇ ಕಣಮ್ಮ. ಹೊಡೆದಿದ್ದು ನಾನು.”

“ಹಂಗಾದ್ರ ನೀವ ಹಿಡ್ಕೊಂಡು ನೀವ ಹೊಡೀರಿ.”

ಚಕ್ರಪಾಣಿ ಶರ್ಟಿನ ತೋಳು ಮಡಚಿ ರೆಕ್ಕೆಯ ತೂತಿಗೆ ಕೈ ಹಾಕಿದರು. ಮೊಣಕೈ ಸಿಕ್ಕಿಕೊಂಡಿತು. ಬಿಡಿಸಿಕೊಳ್ಳುವಾಗ ಚರ್ಮ ತರಚಿತು.

“ನಿಮ್ಮ ಕೈ ಹೋಗಂಗಿಲ್ರಿ. ಭಾಳ ದಪ್ಪ ಐತಿ.”

ಅವರು ಪುಸ್ತಕ ತೆಗೆದು, ಆ ದಿನದ ಪುಟದಲ್ಲಿ ತಮ್ಮ ಹೆಸರಿನ ಕೆಳಗೆ ‘ಸಹಾಯ: ಅನ್ನಪೂರ್ಣ’ ಎಂದು ಬರೆದರು. “ಆಯ್ತಾ? ಸೋಮವಾರ ಇನ್‌ಸ್ಪೆಕ್ಷನ್ ಇದೆ, ಬೇಗ ಬಂದು ಹಿಡ್ಕೋ.”

ಅವಳು ಪೆನ್ನು ಕಿತ್ತುಕೊಂಡು ‘ಸಹಾಯ’ ಎಂಬುದನ್ನು ಹೊಡೆದುಹಾಕಿದಳು. ಪುಟಗಳನ್ನು ಹಿಂದಕ್ಕೆ ತಿರುವುತ್ತ ಹೋಗಿ, ಎಡ ರೆಕ್ಕೆಯ ಮೊದಲ ದಿನದ ಪುಟ ಸಿಕ್ಕಿದ ಕೂಡಲೇ ಅವರ ಹೆಸರಿನ ಪಕ್ಕದಲ್ಲಿ ತನ್ನದನ್ನು ಬರೆದಳು.

“ಇನ್ನೂರು ಪುಟ ಇದೆ ಕಣಮ್ಮ!”

“ಇರ್ಲಿ ಬಿಡ್ರಿ” ಎಂದು ಅವಳು ಎರಡನೇ ಪುಟ ತಿರುವಿದಳು.