ಕುಂಬಳಕ್ಕೆ ಮೊದಲ ಕತ್ತಿ

ಗಂಡನ ಏಟು ತಾಳಲಾರದೆ ಊರು ಬಿಟ್ಟು ಬಂದ ಸುಗುಣ, ಬಾಡಿಗೆಗೆ ಮನೆ ಸಿಗಲೆಂದು ಒಂದು ಸುಳ್ಳು ಹೇಳಿದ್ದಳು: ಗಂಡ ಲಾರಿ ಓಡಿಸುತ್ತಾನೆ, ಆಗೀಗ ಬಂದು ಹೋಗುತ್ತಾನೆ. ಹಿತ್ತಲಲ್ಲಿ ಇಟ್ಟಿಗೆ ಜೋಡಿಸಿ, ಮಣ್ಣು ತುಂಬಿ, ಎತ್ತರದ ಮಡಿ ಮಾಡಿ ಸಿಹಿಗುಂಬಳದ ಬೀಜ ಊರಿದಳು. ಬಳ್ಳಿ ಹಬ್ಬಿ ಮೊದಲ ಕಾಯಿ ಬಲಿತ ದಿನ, ಅದನ್ನು ಹೆಚ್ಚಿ, ಒಂದು ದೊಡ್ಡ ಹೋಳನ್ನು ಪಕ್ಕದಲ್ಲೇ ಇದ್ದ ಮನೆಯೊಡತಿಗೆ ಕೊಡಲು ಹೋದಳು.

"ಇಡೀ ಕುಂಬಳಕಾಯಿಗೆ ಹೆಂಗಸರು ಕತ್ತಿ ಹಾಕ್ಬಾರ್ದು. ಇದನ್ನ ಯಾರಮ್ಮ ಹೆಚ್ಚಿದ್ದು?" ಎಂದರು ಒಡತಿ.

ಕುಂಬಳಕಾಯಿ ಕಳ್ಳನಂತೆ ಸುಗುಣ ಹೆಗಲು ಮುಟ್ಟಿ ನೋಡಿಕೊಳ್ಳುವುದೊಂದು ಬಾಕಿ.

"ಅವರೇ ಅಮ್ಮ. ಬೆಳಗಿನ ಜಾವ ಬಂದಿದ್ರು, ಹೆಚ್ಚಿಕೊಟ್ಟು ಹೋದ್ರು."

"ಯಾರು, ನಿನ್ನ ಗಂಡನಾ?"

"ಹೂಂ." ಈ ಮನೆಯೂ ತಪ್ಪಿಹೋದರೆ ಮತ್ತೆಲ್ಲಿಗೆ ಹೋಗುವುದು?

ಒಡತಿ ಬೀದಿಯ ಆಚೀಚೆ ನೋಡಿದರು. ಅವಳ ತೋಳು ಹಿಡಿದು ಒಳಗೆಳೆದುಕೊಂಡು ಚಿಲಕ ಹಾಕಿದರು.

"ನಿನ್ನ ಗಂಡ ಬಂದಿದ್ದು ಬೆಳಗಿನ ಜಾವ ಅಲ್ಲ ಕಣೇ, ಈಗ ತಾನೇ. ನಿನ್ನ ಫೋಟೊ ತೋರಿಸ್ದ. ಇಂಥೋಳ್ನ ನಾನು ನೋಡೇ ಇಲ್ಲ ಅಂದೆ."