ಜರ್ಮನ್ನರ ಹಾಗೆ

ಲ್ಯಾಪ್‌ಟಾಪ್ ಪರದೆಯ ಮೇಲಿದ್ದ ಜರ್ಮನ್ ಹೆಂಗಸು ಡುಲ್ಸಿನ್‌ಳ ಮಾತಿಗೆ ಮತ್ತೊಮ್ಮೆ ನಕ್ಕಾಗ, ಪಕ್ಕದ ಕುರ್ಚಿಯಲ್ಲಿ ಬೆನ್ನು ನೆಟ್ಟಗೆ ಮಾಡಿ ಕೂತಿದ್ದ ಪ್ರಾಪ್ತಿಗೆ ಹೊಟ್ಟೆಯೊಳಗೆ ಕಿಚ್ಚಿಟ್ಟಂತಾಯಿತು.

ಇಬ್ಬರೂ ಒಂದೇ ಆಸ್ಪತ್ರೆಯ ನರ್ಸ್‌ಗಳು. ಡ್ಯೂಟಿ ಮುಗಿಸಿ ಹಂಪನಕಟ್ಟೆಯ ಈ ಮಹಡಿಯ ಭಾಷಾ ತರಗತಿಗೆ ಒಟ್ಟಿಗೇ ಹತ್ತಿ ಬಂದು ಜರ್ಮನ್ ಕಲಿತವರು. ವ್ಯಾಕರಣದಲ್ಲಿ ಪ್ರಾಪ್ತಿಯನ್ನು ಮೀರಿಸುವವರಿರಲಿಲ್ಲ. ಡುಲ್ಸಿನ್ ಬಾಯಿ ತೆರೆದರೆ ತಪ್ಪು. ಇವತ್ತು ಜರ್ಮನಿಯ ಆಸ್ಪತ್ರೆಯೊಂದರ ಮುಖ್ಯ ನರ್ಸ್ ಹೈಕೆ ಇಬ್ಬರನ್ನೂ ಜೊತೆಯಲ್ಲೇ ಕೂರಿಸಿ ಸಂದರ್ಶನ ಮಾಡುತ್ತಿದ್ದಳು.

ಜರ್ಮನ್ನರು ನಗುವುದಿಲ್ಲ, ಅವರಿಗೆ ಮನೆಯ ಸುದ್ದಿ ಬೇಡ, ಕೇಳಿದಷ್ಟಕ್ಕೆ ಮಾತ್ರ ಉತ್ತರ ಕೊಡಬೇಕು ಎಂದು, ಈಗ ಹಿಂದಿನ ಬೆಂಚಿನಲ್ಲಿ ಕೂತು ನೋಡುತ್ತಿದ್ದ ಟೀಚರ್ ಡೈಸಿ ಮೇಡಂ ಮೊದಲ ದಿನದಿಂದಲೂ ಕಲಿಸಿದ್ದರು. ಅವರು ಒಮ್ಮೆಯೂ ಜರ್ಮನಿಗೆ ಹೋದವರಲ್ಲ. ಆದರೂ ಪ್ರಾಪ್ತಿ ಅದನ್ನೂ ಪಾಠವೆಂದೇ ಕಲಿತು, ನಗದೆ ಮಾತಾಡುವುದನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡಿದ್ದಳು. ಡುಲ್ಸಿನ್ ಮಾತ್ರ ವಾಮಂಜೂರಿನ ತನ್ನ ಮನೆ, ಅಮ್ಮನ ಬಂಗುಡೆ ಮೀನಿನ ಸಾರು ಎಂದೆಲ್ಲ ಹರಟಿದಳು. ನಿಮ್ಮ ಐಸಿಯುವಿನಲ್ಲಿ ಒಬ್ಬ ನರ್ಸ್‌ಗೆ ಎಷ್ಟು ರೋಗಿಗಳು ಎಂದು ತಾನೇ ಕೇಳಿದಳು. ಹೈಕೆ ಖುಷಿಯಾಗಿ ತನ್ನ ಬೆಕ್ಕನ್ನು ಎತ್ತಿ ತೋರಿಸಿದಳು. ಪ್ರಾಪ್ತಿಗೆ ಯಾರೂ ಬೆಕ್ಕು ತೋರಿಸಲಿಲ್ಲ.

ಕೊನೆಗೆ ಹೈಕೆ ತೀರ್ಮಾನ ಹೇಳಿದಳು. ಡುಲ್ಸಿನ್ ಐಸಿಯುಗೆ. ಪ್ರಾಪ್ತಿಗೆ ಐಸಿಯು ಅನುಭವ ಇರುವುದು ಗೊತ್ತು, ಆದರೆ ಅವಳು ಆಸ್ಪತ್ರೆಗೆ ಸೇರಿದ ವೃದ್ಧಾಶ್ರಮಕ್ಕೆ ಸರಿ.

"ಭಾರತದ ಹುಡುಗಿಯರು ಹೀಗೇ ಅಂತ ಕೇಳಿದ್ದೆ," ಎಂದಳು ಹೈಕೆ, ಮೆಚ್ಚುಗೆಯಿಂದಲೇ. "ಮೌನ, ತಾಳ್ಮೆ. ಎದುರು ಮಾತಾಡುವುದಿಲ್ಲ."

ಪ್ರಾಪ್ತಿಯ ಕಿವಿ ಬಿಸಿಯಾಯಿತು. ಮಕ್ಕಳ ವಾರ್ಡ್ ಬಿಟ್ಟು ಬೇರೆ ಕಾಣದ ಡುಲ್ಸಿನ್‌ಗೆ ಐಸಿಯು. ಒಮ್ಮೆ ತಾನು ಆ ವಾರ್ಡಿಗೆ ಡ್ಯೂಟಿಗೆ ಹೋಗಿದ್ದಾಗ ಡುಲ್ಸಿನ್ ಸಿರಿಂಜಿಗೆ ತಪ್ಪು ಡೋಸ್ ತುಂಬಿದ್ದು, ಮಗುವಿಗೆ ಚುಚ್ಚುವ ಮೊದಲು ತಾನು ನೋಡಿ ತಡೆದದ್ದು ನೆನಪಾಯಿತು. ಆ ವಿಷಯ ಅವರಿಬ್ಬರ ನಡುವೆಯೇ ಉಳಿದಿತ್ತು. ಅದನ್ನು ಹೇಳಲು ಬೇಕಾದ ಜರ್ಮನ್ ವಾಕ್ಯ ಅವಳ ತಲೆಯಲ್ಲಿ ತಾನಾಗಿ ಕೂಡಿಕೊಂಡಿತು. ಅವಳು ಬಾಯಿ ತೆರೆದಳು.

ಅಷ್ಟರಲ್ಲಿ ಡುಲ್ಸಿನ್ ನಡುವೆ ಬಂದಳು. ತಡವರಿಸುತ್ತ, ಒಂದರ ಮೇಲೊಂದು ತಪ್ಪು ಮಾಡುತ್ತ, ಪ್ರಾಪ್ತಿ ಮೌನದವಳೇ ಅಲ್ಲ ಎಂದಳು. ವಾರ್ಡಿನಲ್ಲಿ ಡಾಕ್ಟರನ್ನೂ ಬಿಡುವವಳಲ್ಲ. ನಾನೊಮ್ಮೆ ತಪ್ಪು ಡೋಸ್ ತುಂಬಿದ್ದೆ, ಕೈ ಹಿಡಿದು ನಿಲ್ಲಿಸಿದ್ದು ಇವಳೇ. ಐಸಿಯುಗೆ ಇಂಥವರು ಬೇಡವಾ ಎಂದು ಕೇಳಿದಳು.

ಹೈಕೆ ಪ್ರಾಪ್ತಿಯ ಕಡೆ ತಿರುಗಿದಳು. "ಮತ್ತೆ ಇಷ್ಟು ಹೊತ್ತು ಯಾಕೆ ಹಾಗೆ ಕೂತಿದ್ದೆ?"

"ಜರ್ಮನ್ನರು ಹೀಗಿರುತ್ತಾರೆ ಎಂದುಕೊಂಡಿದ್ದೆ," ಎಂದಳು ಪ್ರಾಪ್ತಿ. "ನಿಮ್ಮ ಹಾಗೆ ಇರಲು ನೋಡಿದೆ."

ಡೈಸಿ ಮೇಡಂ ತಲೆ ತಗ್ಗಿಸಿದರು. ನಾನೂ ನಿಮ್ಮ ಬಗ್ಗೆ ಕೇಳಿದ್ದನ್ನೇ ನಂಬಿದೆನಲ್ಲ ಎಂದು ಹೈಕೆ ಮೆಲ್ಲಗೆ ಹೇಳಿ, ಪ್ರಾಪ್ತಿಯ ಹೆಸರನ್ನು ಐಸಿಯುಗೆ ಬರೆದುಕೊಂಡಳು. ಡುಲ್ಸಿನ್ ವಿಷಯ ಮೇಲಿನವರನ್ನು ಕೇಳಿ ತಿಳಿಸುವುದಾಗಿ ಹೇಳಿದಳು.

ಮೆಟ್ಟಿಲು ಇಳಿಯುವಾಗ ಪ್ರಾಪ್ತಿ ಮೆಲ್ಲಗೆ ಕೇಳಿದಳು, "ಆ ಡೋಸ್ ವಿಷಯ ಎಂತಕ್ಕೆ ಹೇಳಿದ್ದು ನೀನು?"

"ನೀನೂ ಅದನ್ನೇ ಹೇಳ್ಲಿಕ್ಕೆ ಬಾಯಿ ತೆರೆದದ್ದಲ್ವಾ ಮಾರಾಯ್ತಿ?" ಡುಲ್ಸಿನ್ ಬ್ಯಾಗ್ ಹೆಗಲಿಗೇರಿಸಿಕೊಂಡಳು. "ನೀನು ಹೇಳಿದ್ರೆ ಗ್ರಾಮರ್ ಸರಿ ಇರ್ತಿತ್ತು, ಅಷ್ಟೇ."